ಕಪ್ಪು ಪ್ರೈಡ್: ಹಬ್ಬ ಯಾರ ದುಡ್ಡಿನಲ್ಲಿ ನಡೆಯಬೇಕು?

2025ರ ಮೇ–ಜೂನ್‌ನಲ್ಲಿ ವರ್ಲ್ಡ್ ಪ್ರೈಡ್ ಉತ್ಸವ ವಾಷಿಂಗ್ಟನ್ನಿಗೆ ಬಂತು. ಲೈಂಗಿಕ ಅಲ್ಪಸಂಖ್ಯಾತರ ಈ ಜಾಗತಿಕ ಹಬ್ಬಕ್ಕೆ ಒಂದೊಂದು ಸಲ ಒಂದೊಂದು ನಗರ ಆತಿಥ್ಯ ವಹಿಸುತ್ತದೆ. ಅಮೆರಿಕದ ರಾಜಧಾನಿಗೆ ಆ ಸರದಿ ಬಂದದ್ದು ಕೆಟ್ಟ ಗಳಿಗೆಯಲ್ಲಿ. ಅದೇ ಜನವರಿಯಲ್ಲಿ ಅಧಿಕಾರಕ್ಕೆ ಬಂದ ಸರ್ಕಾರ ವೈವಿಧ್ಯ ಮತ್ತು ಸಮಾನತೆಯ ಹೆಸರಿನ ಕಾರ್ಯಕ್ರಮಗಳಿಗೆಲ್ಲ ಕೊಡಲಿ ಹಾಕಿತ್ತು. ಸರ್ಕಾರಿ ಗುತ್ತಿಗೆಗಳನ್ನೇ ನೆಚ್ಚಿಕೊಂಡ ಬೂಜ್ ಅಲೆನ್ ಹ್ಯಾಮಿಲ್ಟನ್ ಕಂಪನಿ ಪ್ರಾಯೋಜಕತ್ವದಿಂದ ಹಿಂದೆ ಸರಿಯಿತು. ದೇಶದ ಇನ್ನೊಂದು ತುದಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಪ್ರೈಡ್‌ನ ಪ್ರಾಯೋಜಕರ ಪಟ್ಟಿಯಿಂದ ಕಾಮ್‌ಕಾಸ್ಟ್, ಆನ್‌ಹೈಸರ್ ಬುಶ್‌ನಂಥ ದೊಡ್ಡ ಹೆಸರುಗಳು ಕಳಚಿಕೊಂಡವು. ಹಿಂದಿನ ವರ್ಷದವರೆಗೆ ಕಾಮನಬಿಲ್ಲಿನ ಬಣ್ಣದಲ್ಲಿ ಲಾಂಛನ ಬಳಿದುಕೊಂಡವರಿಗೆ ಇದ್ದಕ್ಕಿದ್ದಂತೆ ಬಣ್ಣದ ಖರ್ಚು ಭಾರವಾಯಿತು.

ಈ ಗದ್ದಲದ ನಡುವೆ, ವರ್ಲ್ಡ್ ಪ್ರೈಡ್ ನಡೆಯುತ್ತಿದ್ದ ದಿನಗಳಲ್ಲೇ, ಅದೇ ನಗರದಲ್ಲಿ ಇನ್ನೊಂದು ಹಬ್ಬ ನಡೆಯಿತು. ಮೇ ಕೊನೆಯ ಭಾಗದಲ್ಲಿ ನಡೆಯುವ ಡಿ.ಸಿ. ಬ್ಲ್ಯಾಕ್ ಪ್ರೈಡ್. 1991ರಲ್ಲಿ ಶುರುವಾದ ಇದು ಕಪ್ಪು ಜನಾಂಗದ ಗೇ ಪುರುಷರು ಮುಂದೆ ನಿಂತು ಕಟ್ಟಿದ ಹಬ್ಬ. ಅಟ್ಲಾಂಟಾ, ಲಂಡನ್ ಮೊದಲಾದ ಕಡೆ ಇಂದು ನಡೆಯುವ ಕಪ್ಪು ಪ್ರೈಡ್‌ಗಳಿಗೆಲ್ಲ ಇದು ಹಿರಿಯಣ್ಣ. ಪ್ರಾಯೋಜಕರು ಓಡಿಹೋಗುವ ಕಾಲದಲ್ಲಿ ಇಂಥ ಕೂಟಗಳ ಗತಿ ಏನು ಎಂಬ ಪ್ರಶ್ನೆ ಸಹಜ. ಆದರೆ ಆ ಪ್ರಶ್ನೆಗೆ ಉತ್ತರ ಬೇಕಿದ್ದರೆ ಕಂಪನಿಗಳ ಕಡೆ ನೋಡಿ ಪ್ರಯೋಜನವಿಲ್ಲ. ಕಂಪನಿಗಳು ಈ ಹಬ್ಬಗಳಿಗೆ ಕೊಟ್ಟದ್ದೇ ಕಡಿಮೆ. ಇವಕ್ಕೆ ದೀರ್ಘಕಾಲ ಹಣ ಬಂದದ್ದು ಬೇರೆಯೇ ಒಂದು ಲೆಕ್ಕದಲ್ಲಿ. ಅದು ರೋಗದ ಲೆಕ್ಕ.

ಪ್ರೈಡ್ ಒಂದಿರುವಾಗ ಇನ್ನೊಂದು ಯಾಕೆ ಎಂದು ಅಲ್ಲಿಯವರೇ ಎಷ್ಟೋ ಜನ ಕೇಳುತ್ತಾರೆ. ಶೋಷಿತರೊಳಗೂ ಮತ್ತೊಂದು ಗೋಡೆಯೇ ಎಂಬ ಧಾಟಿಯಲ್ಲಿ. ಗೋಡೆ ಕಟ್ಟಿದವರು ಯಾರು ಎಂಬುದನ್ನು ಮೊದಲು ನೋಡಬೇಕು. 1970ರ ದಶಕದ ಅಮೆರಿಕದ ಗೇ ಬಾರುಗಳ ಬಾಗಿಲಲ್ಲಿ ಒಂದು ಪದ್ಧತಿ ಇತ್ತು. ಬಿಳಿಯ ಗಿರಾಕಿ ಬಂದರೆ ನೇರ ಒಳಗೆ ಹೋಗುತ್ತಿದ್ದ. ಕಪ್ಪು ಗಿರಾಕಿ ಬಂದರೆ ಕಾವಲಿನವನು ತಡೆದು ಗುರುತಿನ ಚೀಟಿ ಕೇಳುತ್ತಿದ್ದ. ಒಂದು ತೋರಿಸಿದರೆ ಎರಡನೆಯದು ಕೇಳುತ್ತಿದ್ದ, ಎರಡು ತೋರಿಸಿದರೆ ಮೂರನೆಯದು. ಮೂರೂ ಇದ್ದವನಿಗೆ ಧರಿಸಿದ ಬಟ್ಟೆ ಸರಿಯಿಲ್ಲ ಎನ್ನಬಹುದಿತ್ತು. ಬಣ್ಣ ನೋಡಿ ಹೊರಗಿಟ್ಟರೆ ಕಾನೂನು ಹಿಡಿಯುತ್ತದೆ, ಚೀಟಿ ಇಲ್ಲವೆಂದು ಹೊರಗಿಟ್ಟರೆ ಯಾರು ಹಿಡಿಯುತ್ತಾರೆ? 1971ರಲ್ಲಿ ವಾಷಿಂಗ್ಟನ್ನಿನಲ್ಲಿ ಹೊಸದಾಗಿ ತೆರೆದ ದೊಡ್ಡ ಗೇ ಬಾರೊಂದರ ಮುಂದೆ ಇದೇ ಕಾರಣಕ್ಕೆ ಪ್ರತಿಭಟನೆ ನಡೆಯಿತು. ಆಗ ಆ ನಗರದ ಜನಸಂಖ್ಯೆಯಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಕಪ್ಪು ಜನಾಂಗದವರು ಎಂಬುದನ್ನು ನೆನಪಿಡಬೇಕು. ಬಹುಸಂಖ್ಯಾತರಾಗಿದ್ದ ಊರಿನಲ್ಲೇ ಅವರು ಬಾಗಿಲಲ್ಲಿ ನಿಂತಿದ್ದರು.

ಇದು ಮುಗಿದ ಕಥೆಯೂ ಅಲ್ಲ. 2016ರಲ್ಲಿ ಫಿಲಡೆಲ್ಫಿಯಾದ ಗೇ ಬಾರೊಂದರ ಮಾಲೀಕ ಕಪ್ಪು ಗಿರಾಕಿಗಳ ಬಗ್ಗೆ ಜನಾಂಗೀಯ ಬೈಗುಳ ಆಡಿದ ವಿಡಿಯೊ ಹೊರಬಿತ್ತು. ಮರುವರ್ಷ ಅಲ್ಲಿನ ನಗರಾಡಳಿತ ಬಾರುಗಳ ಸಿಬ್ಬಂದಿಗೆ ತಾರತಮ್ಯ ವಿರೋಧಿ ತರಬೇತಿ ಕಡ್ಡಾಯ ಮಾಡಿತು. ಕಾಮನಬಿಲ್ಲಿನ ಧ್ವಜಕ್ಕೆ ಕಪ್ಪು ಮತ್ತು ಕಂದು ಪಟ್ಟಿ ಸೇರಿಸಿ ಹಾರಿಸಿದ್ದೂ ಅದೇ ಊರು, ಅದೇ 2017ರಲ್ಲಿ. ಆ ಎರಡು ಪಟ್ಟಿಗಳಿಗೆ ಎದ್ದ ಆಕ್ಷೇಪಗಳ ಗದ್ದಲ ನೋಡಿದ್ದರೆ ಪ್ರತ್ಯೇಕ ಪ್ರೈಡ್ ಯಾಕೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗುತ್ತಿರಲಿಲ್ಲ.

ಇನ್ನೊಂದು ಬಾಗಿಲು ತಮ್ಮವರದೇ. ನಾಗರಿಕ ಹಕ್ಕುಗಳ ಚಳವಳಿಯ ಮಹಾ ಸಂಘಟಕ ಬಯಾರ್ಡ್ ರಸ್ಟಿನ್ 1948ರಲ್ಲಿ ಭಾರತಕ್ಕೆ ಬಂದು ಗಾಂಧಿಯವರ ಒಡನಾಡಿಗಳನ್ನು ಕಂಡು ಸತ್ಯಾಗ್ರಹದ ಪಾಠ ಕಲಿತು ಹೋದವರು. ಲಕ್ಷಾಂತರ ಜನ ಸೇರಿದ 1963ರ ಆಗಸ್ಟ್ 28ರ ವಾಷಿಂಗ್ಟನ್ ಮೆರವಣಿಗೆಯ ಬಸ್ಸು, ಊಟ, ಧ್ವನಿವರ್ಧಕಗಳ ವ್ಯವಸ್ಥೆಯವರೆಗೆ ಎಲ್ಲವನ್ನೂ ಅವರೇ ನಿಭಾಯಿಸಿದರು. ಆದರೆ ಗೇ ಎಂಬ ಕಾರಣಕ್ಕೆ ಅವರನ್ನು ಮುಖ್ಯ ಹುದ್ದೆಯಲ್ಲಿ ಕೂರಿಸಲು ನಾಯಕರು ಹಿಂಜರಿದರು. ಉಪನಿರ್ದೇಶಕ ಎಂಬ ಪಟ್ಟದಲ್ಲಿ ಕೆಲಸವೆಲ್ಲ ಮಾಡಿಸಿದರು. ಮೆರವಣಿಗೆಗೆ ಕೆಲವೇ ದಿನ ಮೊದಲು ಸೆನೆಟರ್ ಸ್ಟ್ರಾಮ್ ಥರ್ಮಂಡ್ 1953ರ ಹಳೆಯ ಬಂಧನವೊಂದನ್ನು ಕೆದಕಿ ಸೆನೆಟ್‌ನಲ್ಲಿ ರಸ್ಟಿನ್ ಅವರನ್ನು ಹಳಿದರು. ಇಪ್ಪತ್ತು ವರ್ಷಗಳ ನಂತರ, 1983ರಲ್ಲಿ ಅದೇ ಮೆರವಣಿಗೆಯ ವಾರ್ಷಿಕೋತ್ಸವ ನಡೆದಾಗಲೂ ಕಪ್ಪು ಗೇ ಸಂಘಟನೆಗಳಿಗೆ ವೇದಿಕೆಯಲ್ಲಿ ಜಾಗ ಸಿಗಲಿಲ್ಲ. ಸಂಘಟಕರಲ್ಲಿ ಒಬ್ಬರಾದ ಜನಪ್ರತಿನಿಧಿಯ ಕಚೇರಿಯಲ್ಲಿ ಧರಣಿ ಕೂತು, ಬಂಧನಕ್ಕೊಳಗಾದ ಮೇಲೆ ಕವಯಿತ್ರಿ ಆಡ್ರಿ ಲಾರ್ಡ್ ಅವರಿಗೆ ಕೆಲವು ನಿಮಿಷ ಮಾತನಾಡುವ ಅವಕಾಶ ದಕ್ಕಿತು.

ಎರಡೂ ಕಡೆ ಬಾಗಿಲು ಮುಚ್ಚಿದಾಗ ಜನ ಮಾಡುವುದೇನು? ಮನೆಯಲ್ಲಿ ಸೇರುತ್ತಾರೆ. ಕಪ್ಪು ಗೇ ಪುರುಷರ ಕೂಟಗಳ ಬೇರು ಇರುವುದು ಮನೆ ಪಾರ್ಟಿಗಳಲ್ಲಿ. 1920ರ ದಶಕದ ಹಾರ್ಲೆಮ್‌ನಲ್ಲಿ ಬಾಡಿಗೆ ಕಟ್ಟಲು ಹಣ ಸಾಲದವರು ತಮ್ಮ ಮನೆಯಲ್ಲೇ ಪಿಯಾನೊ ಬಾರಿಸುವವರನ್ನು ಕರೆಸಿ, ಊಟ ಮಾಡಿ ಬಡಿಸಿ, ಬಾಗಿಲಲ್ಲಿ ಚಿಲ್ಲರೆ ಕಾಸು ವಸೂಲಿ ಮಾಡುತ್ತಿದ್ದರು. ಗೇ ಜನಕ್ಕೆ ಅವು ಒಳ್ಳೆಯ ಆಸರೆಯಾದವು. ಅದೇ ಹಾರ್ಲೆಮ್‌ನಲ್ಲಿ ಹ್ಯಾಮಿಲ್ಟನ್ ಲಾಡ್ಜ್ ಎಂಬ ಕಪ್ಪು ಜನರ ಸಹಾಯ ಸಂಘ ವರ್ಷಕ್ಕೊಮ್ಮೆ ಏರ್ಪಡಿಸುತ್ತಿದ್ದ ವೇಷದ ನೃತ್ಯಕೂಟಕ್ಕೆ ಸಾವಿರಾರು ಜನ ಸೇರುತ್ತಿದ್ದರು; ಗಂಡಸರು ರೇಷ್ಮೆಯ ಗೌನು ತೊಟ್ಟು ಬಹುಮಾನಕ್ಕೆ ಸ್ಪರ್ಧಿಸುತ್ತಿದ್ದರು. ಆ ಕೂಟದ ಇತಿಹಾಸ 1869ರವರೆಗೆ ಹೋಗುತ್ತದೆ. ವಾಷಿಂಗ್ಟನ್ನಿನ ದಾಖಲೆಗಳೂ ಹಳೆಯವು. ಗುಲಾಮರಾಗಿ ಹುಟ್ಟಿದ ವಿಲಿಯಂ ಡಾರ್ಸಿ ಸ್ವಾನ್ ಅಲ್ಲಿ 1880ರ ದಶಕದಲ್ಲೇ ಇಂಥ ಕೂಟ ನಡೆಸುತ್ತಿದ್ದರು. 1888ರ ಏಪ್ರಿಲ್‌ನಲ್ಲಿ ಪೊಲೀಸರು ದಾಳಿ ಮಾಡಿದರು. ಮುಂದೆ ಜೈಲು ಶಿಕ್ಷೆಯಾದಾಗ ಸ್ವಾನ್ ನೇರ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್‌ಗೆ ಕ್ಷಮಾದಾನದ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ಆದರೂ ಆ ಧೈರ್ಯಕ್ಕೆ ಏನೆನ್ನಬೇಕು!

1970ರ ದಶಕದ ವಾಷಿಂಗ್ಟನ್ನಿನ ಮನೆ ಪಾರ್ಟಿಗಳಿಗೆ ಹಿಂದೆ ಸಣ್ಣ ಸಣ್ಣ ಗೆಳೆಯರ ಬಳಗಗಳಿದ್ದವು. ಸದಸ್ಯತ್ವ, ಚಂದಾ, ಪದಾಧಿಕಾರಿಗಳು ಎಲ್ಲ ಇದ್ದ ಬಳಗಗಳು. ಅಂಥದ್ದೇ ಬಳಗದಿಂದ ಬಂದವರು 1975ರಲ್ಲಿ ಅಪ್‌ಷರ್ ರಸ್ತೆಯಲ್ಲಿ ‘ಕ್ಲಬ್‌ಹೌಸ್’ ತೆರೆದರು. ಹೆಸರು ಸಾಧಾರಣ, ಜಾಗ ಅಸಾಧಾರಣ. ಸದಸ್ಯರಿಗೆ ಮಾತ್ರ ಪ್ರವೇಶ. ಒಳ್ಳೆಯ ಧ್ವನಿ ವ್ಯವಸ್ಥೆ. ಬೆಳಗಿನ ಜಾವದವರೆಗೆ ಕುಣಿತ. ಪ್ರತಿವರ್ಷ ಮೇ ಕೊನೆಯ ಮೆಮೋರಿಯಲ್ ಡೇ ರಜೆಯಲ್ಲಿ ‘ಚಿಲ್ಡ್ರನ್ಸ್ ಅವರ್’ ಎಂಬ ವೇಷಭೂಷಣದ ಪಾರ್ಟಿ ನಡೆಯುತ್ತಿತ್ತು. ಅದಕ್ಕಾಗಿ ಹೊರ ಊರುಗಳಿಂದ ಜನ ಬಂದು ಇಳಿಯುತ್ತಿದ್ದರು. ಇಲ್ಲಿ ಯಾರೂ ಯಾರ ದೇಣಿಗೆಗೂ ಕೈಚಾಚಿರಲಿಲ್ಲ ಎಂಬುದು ನನ್ನ ವಾದಕ್ಕೆ ಮುಖ್ಯ. ಬಾಗಿಲಲ್ಲಿ ಬಂದ ಹಣದಲ್ಲಿ ಬಾಡಿಗೆ, ದೀಪ, ಸಂಗೀತ ನಡೆಯುತ್ತಿತ್ತು.

ನಂತರ ಏಡ್ಸ್ ಬಂತು.

ಕ್ಲಬ್‌ಹೌಸ್‌ನ ಸದಸ್ಯರು, ಸಿಬ್ಬಂದಿ ಒಬ್ಬೊಬ್ಬರಾಗಿ ಕಾಯಿಲೆ ಬಿದ್ದರು. ನಗರದ ಏಡ್ಸ್ ಸೇವೆಗಳು ಬಿಳಿಯರ ಬಡಾವಣೆಗಳ ಸುತ್ತ ಹರಡಿದ್ದವು. ಕಪ್ಪು ಚರ್ಚುಗಳಲ್ಲಿ ಬಹುಪಾಲು ಬಾಯಿ ಮುಚ್ಚಿ ಕೂತಿದ್ದವು, ಕೆಲವು ಬಾಯಿ ತೆರೆದು ಶಪಿಸುತ್ತಿದ್ದವು. ಕ್ಲಬ್‌ಹೌಸ್‌ ನಡೆಸುತ್ತಿದ್ದವರಲ್ಲಿ ಒಬ್ಬರಾದ ರೇನಿ ಚೀಕ್ಸ್ 1985ರಲ್ಲಿ ಸೋಂಕಿತರ ಪುಟ್ಟ ಗುಂಪೊಂದನ್ನು ಸೇರಿಸತೊಡಗಿದರು. ಅದೇ ‘ಅಸ್ ಹೆಲ್ಪಿಂಗ್ ಅಸ್’ ಎಂಬ ಸಂಸ್ಥೆಯಾಯಿತು. ರಾತ್ರಿ ಕುಣಿಯುವ ಜಾಗದಲ್ಲಿ ಬೇರೆ ಹೊತ್ತಿನಲ್ಲಿ ಕೂತು ಏನು ತಿನ್ನಬೇಕು, ಹೇಗೆ ಬದುಕಬೇಕು, ಸಾಯುವುದಾದರೆ ಹೇಗೆ ಎಂದು ಮಾತಾಡಿದರು. ಪರಿಣಾಮಕಾರಿ ಔಷಧಿ ಬರಲು ಇನ್ನೂ ಹತ್ತು ವರ್ಷ ಬಾಕಿ ಇತ್ತು.

ಬರಹಗಾರರ ಕೂಟಗಳದ್ದೂ ಇದೇ ಕಥೆ. ವಾಷಿಂಗ್ಟನ್ನಿನ ಈಶಾನ್ಯ ಭಾಗದಲ್ಲಿ, ಮನೆಯೊಂದರ ಹಿತ್ತಿಲಿನ ಹಳೆಯ ಕುದುರೆಗಾಡಿ ಕೊಟ್ಟಿಗೆಯಲ್ಲಿ ಕಾಫಿ ಅಂಗಡಿಯಂಥ ಒಂದು ಜಾಗ ಇತ್ತು. ಎಸೆಕ್ಸ್ ಹೆಂಫಿಲ್ ಎಂಬ ಯುವ ಕವಿ ಅಲ್ಲಿ ಪದ್ಯ ಓದುತ್ತಿದ್ದರು. ಫಿಲಡೆಲ್ಫಿಯಾದಲ್ಲಿ ಜೋಸೆಫ್ ಬೀಮ್ ಗೇ ಪುಸ್ತಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ದಿನವಿಡೀ ಕಪಾಟು ಜೋಡಿಸುವವನಿಗೆ ತನ್ನಂಥವರ ಬದುಕಿನ ಪುಸ್ತಕ ಒಂದೂ ಕಾಣಲಿಲ್ಲ. 1986ರಲ್ಲಿ ಕಪ್ಪು ಗೇ ಪುರುಷರ ಬರಹಗಳ ಮೊದಲ ಸಂಕಲನವನ್ನು ಅವರೇ ತಂದರು. ಎರಡನೆಯದರ ಕೆಲಸ ನಡುವೆಯೇ ಇರುವಾಗ, 1988ರ ಡಿಸೆಂಬರ್‌ನಲ್ಲಿ, 34 ತುಂಬುವ ಮೊದಲೇ ತೀರಿಕೊಂಡರು. ಆಗ ಅವರ ತಾಯಿ ಡರಥಿ ಬೀಮ್, ಮಗನ ಕಾಗದಪತ್ರಗಳನ್ನು ಕಟ್ಟಿಡುವ ಬದಲು ಕೆಲಸ ಮುಂದುವರಿಸಲು ನಿಂತರು. ಹೆಂಫಿಲ್ ಫಿಲಡೆಲ್ಫಿಯಾಕ್ಕೆ ಹೋಗಿ ಬೀಮ್ ಅವರ ತಂದೆ ತಾಯಿಯ ಮನೆಯಲ್ಲೇ ಉಳಿದು ಸಂಪಾದನೆ ಮುಗಿಸಿದರು. 1991ರಲ್ಲಿ ಪುಸ್ತಕ ಹೊರಬಂತು. ಮಗನನ್ನು ಕಳೆದುಕೊಂಡ ತಾಯಿ, ಗೆಳೆಯನನ್ನು ಕಳೆದುಕೊಂಡ ಕವಿ ಸೇರಿ ಒಂದು ಸಮುದಾಯದ ಸಾಹಿತ್ಯವನ್ನು ಅಚ್ಚಿಗೆ ಕಳಿಸಿದ್ದು ಯಾವ ಅನುದಾನದ ಅರ್ಜಿಯಲ್ಲೂ ಬರೆಯಲಾಗದ ಸಂಗತಿ. ಹೆಂಫಿಲ್ ಕೂಡ 1995ರಲ್ಲಿ, 38ರ ಹರೆಯದಲ್ಲಿ, ಅದೇ ರೋಗಕ್ಕೆ ಬಲಿಯಾದರು.

ಕೂಟ ಎಂದರೆ ಬರೀ ಸಂಭ್ರಮ ಎಂದುಕೊಂಡವರು ಅಂದಿನ ಶವಸಂಸ್ಕಾರಗಳನ್ನು ನೋಡಬೇಕು. 1992ರಲ್ಲಿ ನ್ಯೂಯಾರ್ಕ್‌ನ ಕವಿ ಡೊನಾಲ್ಡ್ ವುಡ್ಸ್ ಏಡ್ಸ್‌ನಿಂದ ತೀರಿಕೊಂಡಾಗ ಪತ್ರಿಕೆಯಲ್ಲಿ ಬಂದದ್ದು ಹೃದಯ ಸ್ತಂಭನ ಎಂದು. ಚರ್ಚಿನಲ್ಲಿ ನಡೆದ ಸಂಸ್ಕಾರದಲ್ಲೂ ಅವರು ಗೇ ಆಗಿದ್ದರು ಎಂಬ ಮಾತೇ ಬರಲಿಲ್ಲ. ಹೈಟಿ ಮೂಲದ ಕವಿ ಅಸೊಟೊ ಸೇಂಟ್ ಎದ್ದು ಮುಂದೆ ಹೋಗಿ, ಡೊನಾಲ್ಡ್ ಒಬ್ಬ ಗೇ, ಸತ್ತದ್ದು ಏಡ್ಸ್‌ನಿಂದ, ಅದನ್ನು ಅವನು ಮುಚ್ಚಿಟ್ಟಿರಲಿಲ್ಲ ಎಂದು ಎಲ್ಲರೆದುರು ಹೇಳಿದರು. ಅದೇ ಸತ್ಯ ಗೊತ್ತಿದ್ದವರು ಎದ್ದು ನಿಲ್ಲಿ ಎಂದೂ ಕೇಳಿದರು. ಹೆತ್ತವರ ದುಃಖದ ಹೊತ್ತಿನಲ್ಲಿ ಹೀಗೆ ಮಾಡಿದ್ದು ಸರಿಯೇ ಎಂಬ ಚರ್ಚೆ ಆಗಲೂ ಇತ್ತು, ಈಗಲೂ ಇದೆ. ನನಗಂತೂ, ಸತ್ತವನ ಪರವಾಗಿ ಸಾಕ್ಷಿ ಹೇಳಲು ಒಬ್ಬನಾದರೂ ಇದ್ದನಲ್ಲ ಎನಿಸುತ್ತದೆ. ಸಮುದಾಯ ಎಂಬುದಕ್ಕೆ ಅಲ್ಲಿ ಆಗ ಇದ್ದ ಅರ್ಥ ಅಷ್ಟು ನೇರವಾಗಿತ್ತು.

1990ರಲ್ಲಿ ಕ್ಲಬ್‌ಹೌಸ್ ಮುಚ್ಚಿತು. ಸಾವುಗಳು ಒಂದು ಕಡೆ, ಹಣದ ಮುಗ್ಗಟ್ಟು ಇನ್ನೊಂದು ಕಡೆ. ಮೆಮೋರಿಯಲ್ ಡೇ ರಜೆಗೆ ವಾಷಿಂಗ್ಟನ್ನಿಗೆ ಬಂದು ಅಭ್ಯಾಸವಾದವರು ಇನ್ನು ಎಲ್ಲಿಗೆ ಹೋಗಬೇಕು? ವೆಲ್ಮೋರ್ ಕುಕ್, ಥಿಯಡೋರ್ ಕರ್ಕ್‌ಲ್ಯಾಂಡ್, ಅರ್ನೆಸ್ಟ್ ಹಾಪ್ಕಿನ್ಸ್ ಎಂಬ ಮೂವರು ಅದೇ ವಾರಾಂತ್ಯವನ್ನು ಬಿಡದೆ ಹಿಡಿದರು. 1991ರ ಮೇ 25ರಂದು ಹೋವರ್ಡ್ ವಿಶ್ವವಿದ್ಯಾಲಯದ ಎದುರಿನ ಬ್ಯಾನಕರ್ ಮೈದಾನದಲ್ಲಿ ಸುಮಾರು 800 ಜನ ಸೇರಿದರು. ಕಪ್ಪು ಸಮುದಾಯದಲ್ಲಿ ಏಡ್ಸ್ ಕೆಲಸ ಮಾಡುವ ಸಂಸ್ಥೆಗಳಿಗೆ ನಿಧಿ ಸಂಗ್ರಹಿಸುವುದು ಉದ್ದೇಶ. ಇಲ್ಲಿ ಹಣ ಹರಿದ ದಿಕ್ಕನ್ನು ಗಮನಿಸಿ: ಹಬ್ಬದಿಂದ ರೋಗಿಗಳ ಕಡೆಗೆ. ಮುಂದಿನ ಮೂವತ್ತು ವರ್ಷಗಳಲ್ಲಿ ಆ ದಿಕ್ಕು ತಿರುಗಿತು.

ತಿರುಗಿದ್ದು ಹೀಗೆ. 1990ರ ದಶಕದಲ್ಲಿ ಸರ್ಕಾರಕ್ಕೆ ಈ ಪುರುಷರನ್ನು ತಲುಪಬೇಕಿತ್ತು, ದಾರಿ ಗೊತ್ತಿರಲಿಲ್ಲ. ದಾರಿ ಗೊತ್ತಿದ್ದದ್ದು ಈ ಕೂಟಗಳಿಗೆ. ನ್ಯೂಯಾರ್ಕ್‌ನಲ್ಲಿ 1986ರಲ್ಲಿ ಹುಟ್ಟಿದ ‘ಗೇ ಮೆನ್ ಆಫ್ ಆಫ್ರಿಕನ್ ಡಿಸೆಂಟ್’ ಸಂಸ್ಥೆ ಶುಕ್ರವಾರ ಸಂಜೆಗಳಂದು ಚರ್ಚಾಕೂಟ ನಡೆಸುತ್ತಿತ್ತು. ಅಪ್ಪನೊಂದಿಗಿನ ಜಗಳ, ದೇವರು, ಒಂಟಿತನ, ಬಣ್ಣದ ಬಗೆಗಿನ ಕೀಳರಿಮೆ ಎಲ್ಲವೂ ಅಲ್ಲಿನ ಮಾತು. ಇಂಥ ಸಂಸ್ಥೆಗಳ ಅನುಭವದಿಂದ ಏಳು ಭಾಗಗಳ ಒಂದು ಪಠ್ಯಕ್ರಮ ಸಿದ್ಧವಾಯಿತು. ಅದನ್ನು ವಾರಾಂತ್ಯದ ಶಿಬಿರದ ರೂಪದಲ್ಲಿ ನಡೆಸಿ ಪರೀಕ್ಷಿಸಿದಾಗ ಅಪಾಯದ ಲೈಂಗಿಕ ನಡವಳಿಕೆ ಕಡಿಮೆಯಾದದ್ದು ಕಂಡಿತು. ಕೇಂದ್ರ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಅದನ್ನು ದೇಶದ ತುಂಬ ಹಂಚಿತು. ಒಳ್ಳೆಯದೇ ಆಯಿತು. ಆದರೆ ಗೆಳೆಯರ ಮಾತುಕತೆ ‘ರೋಗ ತಡೆ ಕ್ರಮ’ ಆದ ಗಳಿಗೆಯಿಂದ ಅದರ ಲೆಕ್ಕವೂ ಬದಲಾಯಿತು. ಎಷ್ಟು ಜನಕ್ಕೆ ಪರೀಕ್ಷೆ ಆಯಿತು, ಎಷ್ಟು ಕಾಂಡೋಮ್ ಹಂಚಿದಿರಿ, ವರದಿ ಎಲ್ಲಿ? ಒಬ್ಬನಿಗೆ ಆ ಸಂಜೆ ಮನಸ್ಸು ಹಗುರವಾಯಿತು ಎಂಬುದಕ್ಕೆ ನಮೂನೆಯಲ್ಲಿ ಕಲಂ ಇರಲಿಲ್ಲ.

ಬರೀ ಕಲೆಗೆ, ಬರೀ ಸಂಸ್ಕೃತಿಗೆ ಸರ್ಕಾರಿ ಹಣ ಬಂದರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನ ಇತ್ತು. ಮಾರ್ಲನ್ ರಿಗ್ಸ್ 1989ರಲ್ಲಿ ಕಪ್ಪು ಗೇ ಪುರುಷರ ಬದುಕಿನ ಬಗ್ಗೆ ಸಾಕ್ಷ್ಯಚಿತ್ರ ತೆಗೆದರು. ಸರ್ಕಾರಿ ಕಲಾ ನಿಧಿಯಿಂದ ಸುತ್ತಿ ಬಳಸಿ ಅವರಿಗೆ ತಲುಪಿದ್ದು 5,000 ಡಾಲರ್. 1991ರಲ್ಲಿ ಸಾರ್ವಜನಿಕ ಟಿವಿ ಅದನ್ನು ಪ್ರಸಾರ ಮಾಡಲು ಹೊರಟಾಗ ಎಷ್ಟೋ ಕೇಂದ್ರಗಳು ಒಲ್ಲೆ ಎಂದವು. ಮರುವರ್ಷ ಅಧ್ಯಕ್ಷ ಸ್ಥಾನದ ಆಕಾಂಕ್ಷಿ ಪ್ಯಾಟ್ ಬ್ಯುಕನನ್ ಅದರ ತುಣುಕನ್ನೇ ಚುನಾವಣಾ ಜಾಹೀರಾತಿಗೆ ಬಳಸಿ, ತೆರಿಗೆದಾರರ ಹಣ ಇದಕ್ಕೆ ಹೋಯಿತು ನೋಡಿ ಎಂದು ತಮ್ಮದೇ ಪಕ್ಷದವರಾಗಿದ್ದ ದೇಶದ ಅಧ್ಯಕ್ಷ ಬುಷ್ ಅವರನ್ನೇ ಹಣಿದರು. ಕಪ್ಪು ಗೇ ಕೂಟಕ್ಕೆ ಸಂಸ್ಕೃತಿಯ ತಲೆಬರಹದಲ್ಲಿ ಹಣ ಕೇಳುವುದು ಕಷ್ಟ, ಆರೋಗ್ಯದ ತಲೆಬರಹದಲ್ಲಿ ಸುಲಭ ಎಂದು ಸಂಘಟಕರು ಅರಿತುಕೊಂಡಿದ್ದರೆ ತಪ್ಪೇನಿಲ್ಲ.

ಆರೋಗ್ಯದ ಅಗತ್ಯ ಸುಳ್ಳಂತೂ ಅಲ್ಲ. ಆಗಿನ ದರವೇ ಮುಂದುವರಿದರೆ ಪ್ರತಿ ಇಬ್ಬರು ಕಪ್ಪು ಗೇ ಮತ್ತು ದ್ವಿಲಿಂಗಾಸಕ್ತ ಪುರುಷರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಎಚ್‌ಐವಿ ತಗಲುತ್ತದೆ ಎಂದು ಸಿಡಿಸಿ 2016ರಲ್ಲಿ ಅಂದಾಜಿಸಿತು. ಬಿಳಿಯ ಗೇ ಪುರುಷರಲ್ಲಿ ಈ ಪ್ರಮಾಣ 11ರಲ್ಲಿ ಒಬ್ಬರು. ಕೇಳಿದ ಕೂಡಲೇ ನಡತೆಯ ಮೇಲೆ ಬೆರಳು ತೋರಿಸುವವರಿದ್ದಾರೆ. ಗ್ರೆಗೊರಿಯೊ ಮಿಲೆಟ್ ಮತ್ತು ಸಂಗಡಿಗರು 2006ರಿಂದ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡದ್ದು ಬೇರೆ: ಸಂಗಾತಿಗಳ ಸಂಖ್ಯೆಯಲ್ಲಾಗಲಿ ಕಾಂಡೋಮ್ ಬಳಕೆಯಲ್ಲಾಗಲಿ ಕಪ್ಪು ಗೇ ಪುರುಷರು ಬಿಳಿಯರಿಗಿಂತ ಹೆಚ್ಚು ಅಜಾಗರೂಕರಲ್ಲ. ವ್ಯತ್ಯಾಸ ಇರುವುದು ಚಿಕಿತ್ಸೆ ತಡವಾಗಿ ಸಿಗುವುದರಲ್ಲಿ, ವಿಮೆ ಇಲ್ಲದಿರುವುದರಲ್ಲಿ, ಸಣ್ಣ ವಲಯದೊಳಗೆ ಸೋಂಕು ಮೊದಲೇ ಹೆಚ್ಚಿರುವುದರಲ್ಲಿ. ಸೋಂಕು ತಡೆಯುವ ಪ್ರೆಪ್ ಮಾತ್ರೆ 2012ರಿಂದ ಇದೆ. ಅದರಿಂದ ಪ್ರಯೋಜನವಾಗಬಹುದಾದ ಬಿಳಿಯರಲ್ಲಿ ನೂರಕ್ಕೆ 94 ಮಂದಿಗೆ 2022ರ ವೇಳೆಗೆ ಅದಕ್ಕೆ ವೈದ್ಯರ ಚೀಟಿ ಸಿಕ್ಕಿತ್ತು, ಕಪ್ಪು ಜನರಲ್ಲಿ 13 ಮಂದಿಗೆ. ಈ ಎರಡು ಅಂಕಿಗಳ ನಡುವಿನ ಕಂದಕದಲ್ಲೇ ಕಪ್ಪು ಪ್ರೈಡ್‌ಗಳ ಪರೀಕ್ಷಾ ಡೇರೆಗಳು ನಿಂತಿದ್ದವು.

ಹಣದ ವಿಷಯ ಇಷ್ಟಾಯಿತು. ಹಬ್ಬಗಳ ಬಗ್ಗೆಯೂ ಸ್ವಲ್ಪ ಹೇಳಬೇಕು, ಇಲ್ಲವಾದರೆ ನಾನೂ ಅನುದಾನದ ನಮೂನೆ ತುಂಬಿದಂತಾಗುತ್ತದೆ.

ಅಟ್ಲಾಂಟಾದ ಕಪ್ಪು ಪ್ರೈಡ್ ಸೆಪ್ಟೆಂಬರ್ ಮೊದಲ ವಾರದ ಲೇಬರ್ ಡೇ ರಜೆಯಲ್ಲಿ ನಡೆಯುತ್ತದೆ. ಗೆಳೆಯರ ಪಿಕ್‌ನಿಕ್‌ಗಳಿಂದ ಬೆಳೆದು 1996ರಲ್ಲಿ ವಿಧ್ಯುಕ್ತ ರೂಪ ಪಡೆದ ಇದು ಇಂದು ಅಮೆರಿಕದ ಅತಿ ದೊಡ್ಡ ಕಪ್ಪು ಗೇ ಸಮಾಗಮಗಳಲ್ಲಿ ಒಂದು. ಆ ರಜೆಯ ಬೆಲೆ ಅಮೆರಿಕದ ಕನ್ನಡಿಗರಿಗೂ ಚೆನ್ನಾಗಿ ಗೊತ್ತು. ಅಕ್ಕ ವಿಶ್ವ ಕನ್ನಡ ಸಮ್ಮೇಳನ ನಡೆಯುವುದು ಹೆಚ್ಚಾಗಿ ಅದೇ ವಾರಾಂತ್ಯದಲ್ಲಿ. 2012ರಲ್ಲಂತೂ ಅದು ಅಟ್ಲಾಂಟಾದಲ್ಲೇ ನಡೆಯಿತು. ಒಂದೇ ವಿಮಾನ ನಿಲ್ದಾಣಕ್ಕೆ ಒಂದೇ ಶುಕ್ರವಾರ ಎರಡು ಬಗೆಯ ಜನ ಬಂದಿಳಿದಿರಬೇಕು. ಉಳಿದ ವರ್ಷವೆಲ್ಲ ತಾವು ಅಲ್ಪಸಂಖ್ಯಾತರಾಗಿರುವ ಕಚೇರಿ, ಬಡಾವಣೆಗಳಿಂದ ಬಂದು, ಮೂರು ದಿನ ತಮ್ಮವರ ನಡುವೆ ವಿವರಣೆ ಕೊಡದೆ ಇರಬೇಕೆಂಬ ಆಸೆ ಇಬ್ಬರದ್ದೂ. ಕಪ್ಪು ಗೇ ಪುರುಷನಿಗೆ ತನ್ನ ಮನೆಯಲ್ಲೂ ವಿವರಣೆ ಕೊಡಬೇಕಾದ ಪಾಡು ಇರಬಹುದು ಎಂಬುದು ವ್ಯತ್ಯಾಸ.

ಲಂಡನ್ನಿನ ಕಥೆ ಸ್ವಲ್ಪ ಬೇರೆ. ಯುಕೆ ಬ್ಲ್ಯಾಕ್ ಪ್ರೈಡ್ 2005ರಲ್ಲಿ ಹುಟ್ಟಿದ್ದು ಕಪ್ಪು ಲೆಸ್ಬಿಯನ್ ಮಹಿಳೆಯರು ಬಸ್ ಮಾಡಿಕೊಂಡು ಸೌತ್‌ಎಂಡ್ ಕಡಲತೀರಕ್ಕೆ ಹೋದ ಒಂದು ದಿನದ ವಿಹಾರದಿಂದ. ಕಟ್ಟಿದವರು ಫಿಲ್ ಒಪೊಕು-ಗೀಮಾ. 2016ರಲ್ಲಿ ರಾಣಿಯ ಹೆಸರಿನ ಗೌರವವನ್ನು, ವಸಾಹತುಶಾಹಿ ಕಾನೂನುಗಳು ಇನ್ನೂ ಜನರನ್ನು ಕಾಡುತ್ತಿವೆ ಎಂದು ನಿರಾಕರಿಸಿದವರು. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ನಮ್ಮ 377ನೇ ಕಲಂ ಆಗಿನ್ನೂ ಜೀವಂತವಾಗಿತ್ತು. ಅಲ್ಲಿ ಕಪ್ಪು ಎಂಬುದು ಆಫ್ರಿಕಾ, ಕೆರಿಬಿಯನ್ ಮೂಲದವರಿಗೆ ಸೀಮಿತವಲ್ಲ. ಏಷ್ಯಾ ಮೂಲದವರಿಗೂ ಅದು ತಮ್ಮದೇ ಹಬ್ಬ. ಹಾಗಾಗಿ ಲಂಡನ್ನಿನಲ್ಲಿರುವ ಗೇ ಕನ್ನಡಿಗನೊಬ್ಬ ಅಲ್ಲಿಗೆ ಹೋದರೆ ಅತಿಥಿಯಲ್ಲ. 2018ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ದುಡಿಯುವ ಬ್ರಿಟನ್ನಿನ ದೊಡ್ಡ ಸಂಸ್ಥೆ ಸ್ಟೋನ್‌ವಾಲ್, ವೈವಿಧ್ಯದ ಕೊರತೆಯ ಕಾರಣ ಕೊಟ್ಟು ಮುಖ್ಯ ಲಂಡನ್ ಪ್ರೈಡ್ ಬಿಟ್ಟು ಯುಕೆ ಬ್ಲ್ಯಾಕ್ ಪ್ರೈಡ್ ಬೆಂಬಲಕ್ಕೆ ನಿಂತಿತು.

ಒಳಜಗಳಗಳೂ ಇವೆ, ಇರದಿದ್ದರೆ ಅದು ಸಮುದಾಯವೇ ಅಲ್ಲ. ರಾತ್ರಿಯ ಪಾರ್ಟಿ ನಡೆಸುವ ವ್ಯಾಪಾರಿಗಳು ದುಡ್ಡು ಬಾಚಿಕೊಂಡು ಹೋಗುತ್ತಾರೆ, ಹಗಲಿನ ಕವಿಗೋಷ್ಠಿ, ವಿಚಾರ ಸಂಕಿರಣ, ಆರೋಗ್ಯ ಶಿಬಿರಗಳ ಖರ್ಚು ಸಂಘಟಕರ ತಲೆಗೆ ಬರುತ್ತದೆ ಎಂಬ ದೂರು ಹಳೆಯದು. ಗಟ್ಟಿಮುಟ್ಟಾದ ‘ಗಂಡಸುತನ’ದ ಪ್ರದರ್ಶನಕ್ಕೆ ಸಿಗುವ ಮನ್ನಣೆ ನಯವಾದ ನಡೆನುಡಿಯ ಹುಡುಗರಿಗೆ ಸಿಗುವುದಿಲ್ಲ. ಪ್ರೈಡ್ ಎಂದು ಕರೆದು ಪೋಸ್ಟರಿನಲ್ಲಿ ಬರೀ ಮಾಂಸಖಂಡ ತೋರಿಸುವುದರ ಬಗ್ಗೆ ಹಿರಿಯರಿಗೆ ಸಿಟ್ಟಿದೆ. ಈ ಟೀಕೆಗಳಲ್ಲಿ ಬಹುಪಾಲು ಸರಿ ಎಂದೇ ನನಗನಿಸುತ್ತದೆ.

ಆ ನಯವಾದ ಹುಡುಗರು ಕಟ್ಟಿಕೊಂಡ ಬೇರೊಂದು ಲೋಕ ಬಾಲ್‌ರೂಮ್, ಅಂದರೆ ‘ಬಾಲ್’ ಎಂಬ ವೇಷ ಮತ್ತು ನೃತ್ಯದ ಸ್ಪರ್ಧಾಕೂಟಗಳ ಲೋಕ. 1967ರಲ್ಲಿ ನ್ಯೂಯಾರ್ಕ್‌ನ ಸೌಂದರ್ಯ ಸ್ಪರ್ಧೆಯೊಂದರಲ್ಲಿ ತೀರ್ಪು ಬಿಳಿಯರ ಕಡೆಗೇ ವಾಲಿದೆ ಎಂದು ಕ್ರಿಸ್ಟಲ್ ಲಬೇಜಾ ವೇದಿಕೆಯಿಂದಲೇ ಹೊರನಡೆದರು. ಕೆಲವು ವರ್ಷಗಳಲ್ಲಿ ಅವರ ಹೆಸರಿನ ‘ಹೌಸ್’ ಹುಟ್ಟಿತು, ಅದನ್ನು ನೋಡಿ ಇತರ ಹೌಸ್‌ಗಳು. ನಮ್ಮ ಗರಡಿಮನೆಗಳನ್ನು ಬಲ್ಲವರಿಗೆ ಇದರ ಸ್ವರೂಪ ಬೇಗ ತಿಳಿಯುತ್ತದೆ: ಹಿರಿಯರೊಬ್ಬರ ಕೈಕೆಳಗೆ ಪಟ್ಟು ಕಲಿಯುವುದು, ಮನೆಯ ಹೆಸರಿಗಾಗಿ ಅಖಾಡಕ್ಕಿಳಿಯುವುದು, ಸೋತರೆ ಮನೆಗೇ ಮರಳುವುದು. ಹೌಸ್‌ನ ‘ತಾಯಿ’, ‘ತಂದೆ’ ಎನಿಸಿಕೊಂಡವರು ಮನೆಯಿಂದ ಹೊರದಬ್ಬಿಸಿಕೊಂಡ ಹುಡುಗರಿಗೆ ನಿಜವಾಗಿಯೂ ಅನ್ನ, ಹಾಸಿಗೆ ಕೊಟ್ಟಿದ್ದಾರೆ. ಅಲ್ಲಿನ ವೋಗ್ ನೃತ್ಯ ಜಗತ್ತಿನ ಸಂಗೀತ ವೇದಿಕೆಗಳನ್ನೆಲ್ಲ ಏರಿದೆ. ಹಾಗೆಂದು ಬೀದಿ ಬದಲಾಗಿದೆ ಎನ್ನುವಂತಿಲ್ಲ: 2023ರ ಜುಲೈನಲ್ಲಿ ಬ್ರೂಕ್ಲಿನ್‌ನ ಪೆಟ್ರೋಲ್ ಬಂಕ್ ಒಂದರಲ್ಲಿ ಗೆಳೆಯರೊಂದಿಗೆ ವೋಗ್ ಮಾಡುತ್ತಿದ್ದ 28ರ ಕಪ್ಪು ಗೇ ನರ್ತಕನನ್ನು ಇರಿದು ಕೊಂದರು.

ಈಗ ಮತ್ತೆ ಹಣಕ್ಕೆ ಬರೋಣ. 2025ರ ಏಪ್ರಿಲ್ 1ರಂದು ಅಮೆರಿಕದ ಆರೋಗ್ಯ ಇಲಾಖೆ ಸಾವಿರಾರು ನೌಕರರನ್ನು ತೆಗೆದಾಗ ಸಿಡಿಸಿಯ ಎಚ್‌ಐವಿ ತಡೆ ವಿಭಾಗದ ಘಟಕಗಳಿಗೂ ಕತ್ತರಿ ಬಿತ್ತು. 2026ರ ಆರ್ಥಿಕ ವರ್ಷಕ್ಕೆ ಅಧ್ಯಕ್ಷರು ಮುಂದಿಟ್ಟ ಬಜೆಟ್ಟಿನಲ್ಲಿ ದೇಶದೊಳಗಿನ ಎಚ್‌ಐವಿ ತಡೆ ಕಾರ್ಯಕ್ರಮಕ್ಕೆ ಸಿಡಿಸಿ ಕೊಡುವ ಹಣವನ್ನೇ ಕೈಬಿಡುವ ಪ್ರಸ್ತಾವ ಇತ್ತು. ವೈವಿಧ್ಯ ವಿರೋಧಿ ಆದೇಶಗಳನ್ನು ಪ್ರಶ್ನಿಸಿ ಸ್ಯಾನ್ ಫ್ರಾನ್ಸಿಸ್ಕೊ ಏಡ್ಸ್ ಫೌಂಡೇಶನ್ ಮತ್ತಿತರ ಸಂಸ್ಥೆಗಳು ಕೋರ್ಟಿಗೆ ಹೋಗಿ ಜೂನ್‌ನಲ್ಲಿ ತಮ್ಮ ಮಟ್ಟಿಗೆ ತಾತ್ಕಾಲಿಕ ತಡೆ ತಂದವು. ಕೋರ್ಟಿನ ತಡೆಯಿಂದ ಆ ವರ್ಷದ ಸಂಬಳ ಉಳಿದಿರಬಹುದು. ಕಪ್ಪು, ಗೇ ಎಂಬ ಎರಡು ಪದ ಒಟ್ಟಿಗೆ ಬರೆದರೆ ಅರ್ಜಿ ಬಿದ್ದುಹೋಗುವ ಭಯ ಹೋಗುವುದಿಲ್ಲ.

ನನ್ನ ಅಂದಾಜಿನಲ್ಲಿ ಕೂಟಗಳು ಉಳಿಯುತ್ತವೆ. ಬಾಗಿಲಲ್ಲಿ ಟಿಕೆಟ್ ಹರಿದು ಬಾಲ್ ನಡೆಸುವುದನ್ನು ಅವರಿಗೆ ಸರ್ಕಾರ ಕಲಿಸಿಲ್ಲ. ಆದರೆ ಜಾಗದ ಪ್ರಶ್ನೆ 1975ಕ್ಕಿಂತ ಇಂದು ಕಠಿಣ. ವಾಷಿಂಗ್ಟನ್ನಿನಲ್ಲಿ ಕಪ್ಪು ಜನರ ಪಾಲು ಅರ್ಧಕ್ಕಿಂತ ಕೆಳಗಿಳಿದಿದೆ, ಬಾಡಿಗೆ ಮುಗಿಲು ಮುಟ್ಟಿದೆ. ಐವತ್ತರ ದಶಕದಿಂದ ನಡೆದಿದ್ದ ನಾಬ್ ಹಿಲ್ ಎಂಬ ಕಪ್ಪು ಗೇ ಬಾರು 2004ರಲ್ಲಿ ಮುಚ್ಚಿತು. ಲಾಸ್ ಏಂಜಲೀಸ್‌ನಲ್ಲಿ ಜುವೆಲ್ ಥೇಸ್-ವಿಲಿಯಮ್ಸ್ ಎಂಬ ಗಟ್ಟಿಗಿತ್ತಿ 1973ರಿಂದ 2015ರವರೆಗೆ ‘ಕ್ಯಾಚ್ ಒನ್’ ನಡೆಸಿದರು. ಬೆಂಕಿ ಬಿದ್ದಾಗಲೂ ಮತ್ತೆ ಎಬ್ಬಿಸಿದರು, ಪಕ್ಕದಲ್ಲೇ ಆರೋಗ್ಯ ಕೇಂದ್ರ ತೆರೆದರು. ಅವರು 2025ರ ಜುಲೈನಲ್ಲಿ, 86ನೇ ವಯಸ್ಸಿನಲ್ಲಿ ತೀರಿಕೊಂಡರು. ಕುಣಿಯುವ ಜಾಗ ಮತ್ತು ಔಷಧಿಯ ಜಾಗ ಎರಡನ್ನೂ ಒಂದೇ ಕೈಯಲ್ಲಿ ಹಿಡಿದಿದ್ದ ಆ ತಲೆಮಾರು ಮುಗಿಯುತ್ತಾ ಬಂದಿದೆ.

ಪೆಟ್ಟು ಬೀಳುವುದು ಹಬ್ಬದ ಅಂಚಿನಲ್ಲಿ ನಡೆಯುತ್ತಿದ್ದ ಕೆಲಸಕ್ಕೆ. ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುವ ಇಪ್ಪತ್ತೆರಡರ ಹುಡುಗ ಬಾಲ್‌ಗೆ ಬಂದಾಗ ಅಲ್ಲೇ ಬೆರಳ ತುದಿಯ ರಕ್ತ ಕೊಟ್ಟು ಇಪ್ಪತ್ತು ನಿಮಿಷದಲ್ಲಿ ಫಲಿತಾಂಶ ತಿಳಿದುಕೊಳ್ಳಬಹುದು. ಸೋಂಕು ಕಂಡರೆ ಸೋಮವಾರ ಅವನನ್ನು ವೈದ್ಯರ ಬಳಿ ಕರೆದೊಯ್ಯಲು ಸಂಬಳ ಪಡೆಯುವ ಒಬ್ಬ ವ್ಯಕ್ತಿ ಇರುತ್ತಾನೆ. ಬಾಲ್‌ಗೆ ಟಿಕೆಟ್ ಕೊಳ್ಳುವವರು ಆ ಸಂಬಳವನ್ನೂ ಕೊಡುವಷ್ಟು ಅನುಕೂಲಸ್ಥರಲ್ಲ, ಕಂಪನಿಗಳಿಗೆ ಅದರಲ್ಲಿ ಲಾಂಛನ ಹಾಕಲು ಜಾಗವಿಲ್ಲ. ನಗರಾಡಳಿತಗಳು ಮತ್ತು ಖಾಸಗಿ ದತ್ತಿ ನಿಧಿಗಳು ಕೈ ಹಾಕಿದರೆ ಆ ಹುದ್ದೆ ಉಳಿದೀತು. ಕೇಂದ್ರ ಕೈಬಿಟ್ಟ ಆಸ್ಪತ್ರೆ, ಶಾಲೆಗಳೂ ಅವರ ಮುಂದೆಯೇ ಸಾಲು ನಿಂತಿರುವುದರಿಂದ ಈ ಕೂಟಗಳ ಸರದಿ ಎಷ್ಟನೆಯದು ಎಂಬುದು ಮುಂದಿನ ಒಂದೆರಡು ಬಜೆಟ್‌ಗಳಲ್ಲಿ ಗೊತ್ತಾಗುತ್ತದೆ.